ಕಾಣದ ಏಳನೇ ಅಕ್ಷರ

ಎಲ್ಲರಿಗೂ ನಮಸ್ಕಾರ. ಇಪ್ಪತ್ತು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ, ಅದಕ್ಕೇ ರೇಡಿಯೋದವರು ಇಲ್ಲಿಗೆ ಕರೆದಿದ್ದಾರೆ. ಈಗ ಕೇಳುತ್ತಿರುವವರಲ್ಲಿ ಇಂಜಿನಿಯರಿಂಗ್ ಕೊನೆ ವರ್ಷದ ಮಕ್ಕಳು ಇರಬಹುದು, ಹಾಸನದಲ್ಲೋ ಗದಗದಲ್ಲೋ, ಹಾಸ್ಟೆಲ್ ರೂಮಿನಲ್ಲಿ. ಅವರ ಅಪ್ಪ ಅಮ್ಮ ಕೂಡ ಇರಬಹುದು. ನಿಮ್ಮೆಲ್ಲರ ಪ್ರಶ್ನೆ ನನಗೆ ಗೊತ್ತು. ಯಾವ ಲ್ಯಾಂಗ್ವೇಜ್ ಕಲಿತರೆ ಕೆಲಸ ಸಿಗುತ್ತೆ ಸಾರ್? ಜಾವಾನಾ, ಪೈಥಾನಾ?

ಯಾವುದಾದರೂ ಕಲಿಯಿರಿ. ತಮಾಷೆಗೆ ಹೇಳುತ್ತಿಲ್ಲ. ಒಂದು ಚೆನ್ನಾಗಿ ಬಂದರೆ ಇನ್ನೊಂದು ತಾನೇ ಬರುತ್ತದೆ. ಕೋಡ್ ಬರೆಯುವುದು ನಮ್ಮ ಕೆಲಸದ ಸಣ್ಣ ಭಾಗ. ಬರೆದದ್ದು ಯಾಕೆ ಓಡುತ್ತಿಲ್ಲ ಅಂತ ಹುಡುಕುವುದರಲ್ಲೇ ದಿನ ಕಳೆಯುತ್ತದೆ. ಅಲ್ಲಿ ಬೇಕಾದದ್ದು ಒಂದೇ ಅಭ್ಯಾಸ. ಊಹೆ ಮಾಡಬೇಡಿ, ನೋಡಿ. ಇವತ್ತು ನಾನು ಹೇಳಬೇಕು ಅಂತ ಬಂದಿರುವುದು ಇಷ್ಟೇ.

ಒಂದು ಕತೆ ಹೇಳುತ್ತೇನೆ. ಹದಿನೈದು ವರ್ಷದ ಹಿಂದಿನ ಮಾತು. ಒಂದು ಸಹಕಾರ ಸಂಘಕ್ಕೆ ಸದಸ್ಯರ ಪಟ್ಟಿಯ ಪ್ರೋಗ್ರಾಂ ಮಾಡಿಕೊಟ್ಟಿದ್ದೆ, ಪೂರ್ತಿ ಕನ್ನಡದಲ್ಲಿ. ಬಹಳ ಹೆಮ್ಮೆ ನನಗೆ. ವಾರ ಕಳೆಯುವುದರೊಳಗೆ ಸಂಘದ ಕಾರ್ಯದರ್ಶಿ ಫೋನ್ ಮಾಡಿದರು. "ಸಾರ್, ಸುರೇಶ್ ಸಿಗ್ತಿಲ್ಲ." ಪಟ್ಟಿಯಲ್ಲಿ ಇದ್ದಾರೆ, ಕಣ್ಣಿಗೆ ಕಾಣುತ್ತಾರೆ. ಹುಡುಕಿದರೆ ಮಾತ್ರ ಅರ್ಧದಷ್ಟು ಸುರೇಶ್‌ಗಳು ನಾಪತ್ತೆ. ಅವರು ಇನ್ನೊಂದು ಮಾತನ್ನೂ ಹೇಳಿದರು. "ಬಸಪ್ಪ ಸಿಗ್ತಾರೆ, ಲಕ್ಷ್ಮಮ್ಮ ಸಿಗ್ತಾರೆ. ಸುರೇಶ್, ಮಂಜುನಾಥ್ ಇವ್ರದ್ದೇ ಕಾಟ."

ರೋಗ ಎಲ್ಲಿದೆ ಅಂತ ಅವರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ನಾನು ಇಂಜಿನಿಯರ್ ಅಲ್ವಾ! ಹೆಸರುಗಳನ್ನೆಲ್ಲ ಕೂಡಿಡುವ ಡೇಟಾಬೇಸ್ ಕೆಟ್ಟಿರಬೇಕು ಅಂದುಕೊಂಡು ಮತ್ತೆ ಇನ್‌ಸ್ಟಾಲ್ ಮಾಡಿದೆ. ಫಾಂಟ್ ಇರಬೇಕು ಅಂತ ಫಾಂಟ್ ಬದಲಿಸಿದೆ. ಕೊನೆಗೆ ಅವರ ಕಂಪ್ಯೂಟರೇ ಸರಿ ಇಲ್ಲ ಅಂದೆ. ಮೂರು ದಿನ, ಮೂರು ಊಹೆ, ಒಂದೂ ನಾಟಲಿಲ್ಲ.

ನಾಲ್ಕನೇ ದಿನ ನನ್ನ ಪಕ್ಕದ ಸೀಟಿನ ಹಿರಿಯರು ಟೀ ಲೋಟ ಹಿಡಿದುಕೊಂಡು ಬಂದು ನಿಂತರು. ಎರಡು ನಿಮಿಷ ನೋಡಿದರು. "ಹೆಸರಿನ ಉದ್ದ ಎಷ್ಟು, ಪ್ರಿಂಟ್ ಮಾಡು" ಅಂದರು. ಇದೇನು ಪ್ರಶ್ನೆ ಅಂತ ಸಿಡುಕಿಕೊಂಡೇ ಮಾಡಿದೆ. ಸುರೇಶ್ ಅಂದರೆ ಕಂಪ್ಯೂಟರಿಗೆ ಆರು. ಸ, ಅದರ ಕೊಂಬು, ರ, ಅದರ ಏಕಾರ, ಶ, ಅದರ ಮೇಲಿನ ಅರ್ಧಾಕ್ಷರದ ಗುರುತು. ಒಬ್ಬ ಸುರೇಶ್ ಆರು ಬಂದ. ಇನ್ನೊಬ್ಬ ಏಳು ಬಂದ. ಕಣ್ಣಿಗೆ ಇಬ್ಬರೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಹೆಸರು. ಅದಕ್ಕೇ ಹುಡುಕಿದರೆ ಸಿಗುತ್ತಿರಲಿಲ್ಲ.

ಆ ಏಳನೆಯದು ಏನು? ರೇಡಿಯೋದಲ್ಲಿ ನಿಮಗೆ ಕಾಣಿಸುವುದಿಲ್ಲ, ಸರಿ. ಪರದೆ ಮುಂದೆ ಕೂತಿದ್ದರೂ ಕಾಣಿಸುತ್ತಿರಲಿಲ್ಲ. ಅದಕ್ಕೆ ಅಗಲವೇ ಇಲ್ಲ. ಯೂನಿಕೋಡ್ ಅಂದರೆ ಎಲ್ಲ ಭಾಷೆಯ ಅಕ್ಷರಗಳಿಗೂ ಒಂದೊಂದು ಸಂಖ್ಯೆ ಕೊಡುವ ಪಟ್ಟಿ. ಅದರಲ್ಲಿ ಇದರ ಸಂಖ್ಯೆ 200ಸಿ, ಹೆಸರು ಜೀರೋ ವಿಡ್ತ್ ನಾನ್ ಜಾಯಿನರ್. ಅರ್ಧಾಕ್ಷರದ ಮುಂದೆ ಬರುವ ಅಕ್ಷರ ಒತ್ತಾಗಿ ಕೆಳಗೆ ಇಳಿಯದಂತೆ ತಡೆಯುವುದೇ ಅದರ ಕೆಲಸ. ಸಂಘದಲ್ಲಿ ಹೆಸರು ಟೈಪ್ ಮಾಡಿದವರು ಇಬ್ಬರು. ಅದರಲ್ಲಿ ಒಬ್ಬರ ಟೈಪಿಂಗ್ ಸಾಫ್ಟ್‌ವೇರ್ ಹೆಸರಿನ ಕೊನೆಯ ಅರ್ಧಾಕ್ಷರ ಆದಮೇಲೆ ತಾನಾಗಿಯೇ ಇದನ್ನು ಅಂಟಿಸುತ್ತಿತ್ತು. ಬಸಪ್ಪನ ಕೊನೆಯಲ್ಲಿ ಅರ್ಧಾಕ್ಷರ ಇಲ್ಲ. ಹಾಗಾಗಿ ಬಸಪ್ಪ ಬಚಾವ್.

ಕತೆ ಇಲ್ಲಿಗೆ ಮುಗಿಯಬೇಕಿತ್ತು. ನಾನು ಮತ್ತೆ ಊಹೆ ಮಾಡಿದೆ ನೋಡಿ! ಈ 200ಸಿ ದಂಡಪಿಂಡ ಅಂದುಕೊಂಡು ಇಡೀ ಪಟ್ಟಿಯಿಂದ ಕಿತ್ತುಹಾಕಿದೆ. ಸುರೇಶ್ ಸಿಕ್ಕಿದ. ಮರುದಿನ ಕಾರ್ಯದರ್ಶಿ ಮತ್ತೆ ಫೋನ್. "ಸಾರ್, ರಾಜ್‌ಕುಮಾರ್ ಹೆಸರು ಕೆಟ್ಟುಹೋಗಿದೆ." ಪಾಪ, ರಾಜ್ ಮತ್ತು ಕುಮಾರ್ ಬೇರೆ ಬೇರೆ ನಿಲ್ಲಬೇಕಿದ್ದ ಕಡೆ, ಜಕಾರದ ಕೆಳಗೆ ಕಕಾರ ಒತ್ತಾಗಿ ಜೋತುಬಿದ್ದಿತ್ತು. ಪಾಸ್‌ಬುಕ್ಕುಗಳೂ ಹಾಗೇ ಪ್ರಿಂಟ್ ಆಗಿದ್ದವು. ಆಮೇಲೆ ಬುದ್ಧಿ ಬಂತು. ಹೆಸರನ್ನು ಬರೆದ ಹಾಗೇ ಇಟ್ಟು, ಹುಡುಕುವುದಕ್ಕೆ ಮಾತ್ರ 200ಸಿ ತೆಗೆದ ಇನ್ನೊಂದು ಪ್ರತಿ ಇಟ್ಟೆ. ಅಷ್ಟಕ್ಕೆ ಬೇಕಾದ ಕೋಡ್ ನಾಲ್ಕು ಸಾಲು.

ಈ ಕತೆ ಹೇಳಿಯೇ ಅರ್ಧ ಹೊತ್ತು ಕಳೆದೆ. ಗಾಜಿನ ಆಚೆ ಕೈ ಸನ್ನೆ ಶುರುವಾಗಿದೆ. ಬೇಗ ಬೇಗ ಹೇಳುತ್ತೇನೆ.

ಪರದೆ ಮೇಲೆ ಕೆಂಪಕ್ಷರ ಬಂದರೆ ಹೆದರಿ ಮುಚ್ಚಬೇಡಿ. ಕಂಪ್ಯೂಟರ್ ಬೈಯುತ್ತಿಲ್ಲ, ಏನಾಯಿತು ಅಂತ ಹೇಳುತ್ತಿದೆ. ಪೈಥಾನ್ ಆದರೆ ಮೊದಲು ಕೊನೆಯ ಸಾಲು ಓದಿ, ವಿಷಯ ಇರುವುದು ಅಲ್ಲೇ. 2021ರಲ್ಲಿ ಬಂದ 3.10ನೇ ಆವೃತ್ತಿಯಿಂದ ಈಚೆಗೆ, ನೀವು ಹೆಸರಿನ ಸ್ಪೆಲ್ಲಿಂಗ್ ತಪ್ಪಿಸಿದರೆ 'ನೀವು ಹೇಳಿದ್ದು ಇದನ್ನಾ' ಅಂತ ಸರಿಯಾದ ಹೆಸರನ್ನೂ ಕೊಡುತ್ತದೆ. ಕಾಲೇಜಿನ ಇಂಟರ್ನಲ್ಸ್ ಪರೀಕ್ಷೆಯಲ್ಲಿ ಪ್ರಶ್ನೆಯ ಪಕ್ಕದಲ್ಲೇ ಉತ್ತರ ಬರೆದುಕೊಟ್ಟ ಹಾಗೆ! ಓದದೆ ಫೋಟೋ ಹೊಡೆದು ವಾಟ್ಸ್ಆ್ಯಪ್‌ನಲ್ಲಿ ನನಗೆ ಕಳಿಸುತ್ತೀರಿ. ಕೋಪ ಬರುತ್ತೆ, ನಿಜ ಹೇಳಬೇಕು ಅಂದರೆ.

ಎಐ ಬಂದಿದೆ, ನಮ್ಮ ಮಕ್ಕಳಿಗೆ ಕೆಲಸ ಇರುತ್ತಾ ಅಂತ ಅಮ್ಮಂದಿರು ಕೇಳುತ್ತಾರೆ. ಅದು ಕೋಡ್ ಬರೆದುಕೊಡುತ್ತದೆ, ಚೆನ್ನಾಗಿಯೇ ಬರೆಯುತ್ತದೆ. ಆದರೆ ಅದೂ ಊಹೆ ಮಾಡುತ್ತದೆ, ನನ್ನ ಹಾಗೇ, ಬಹಳ ಧೈರ್ಯವಾಗಿ. ಆಗ ಉದ್ದ ಪ್ರಿಂಟ್ ಮಾಡಿ ನೋಡುವವರು ಬೇಕಲ್ಲ?

ಒಂದು ನೋಟ್‌ಬುಕ್ ಇಟ್ಟುಕೊಳ್ಳಿ. ಏನು ಅಂದುಕೊಂಡೆ, ನಿಜವಾಗಿ ಏನಿತ್ತು, ಎರಡೇ ಸಾಲು ಬರೆಯಿರಿ. ನನ್ನದರಲ್ಲಿ ಈಗಲೂ ಮೊದಲ ಸಾಲು ಮತ್ತು ಎರಡನೇ ಸಾಲು ಹೊಂದುವುದು ಅಪರೂಪ. ರಾತ್ರಿ ಹನ್ನೊಂದರ ಮೇಲೆ ಬಗ್, ಅಂದರೆ ಪ್ರೋಗ್ರಾಂನ ತಪ್ಪು, ಹುಡುಕಬೇಡಿ, ಮಲಗಿ. ಹನ್ನೊಂದರ ಮೇಲೆ ನಾನು ಸರಿ ಮಾಡಿದ್ದಕ್ಕಿಂತ ಕೆಡಿಸಿದ್ದೇ ಜಾಸ್ತಿ.

ಸಂಬಳದ ವಿಷಯ ಹೇಳುತ್ತೇನೆ ಅಂತ ಒಪ್ಪಿಕೊಂಡು ಬಂದಿದ್ದೆ, ಅದಕ್ಕೆ ಹೊತ್ತೇ ಉಳಿಯಲಿಲ್ಲ. ಅಪ್ಪಂದಿರು ಬೇಜಾರು ಮಾಡಿಕೊಳ್ಳಬೇಡಿ. ನಮಸ್ಕಾರ.