ಒಂದು ಹೆಸರು, ಎರಡು ತಂಡ: ಲೋಟಸ್ ಜಗಳದ ಕಥೆ

ಎಲ್ಲರಿಗೂ ನಮಸ್ಕಾರ. ಸಂಜೆ ಟ್ರಾಫಿಕ್ ದಾಟಿಕೊಂಡು ಇಷ್ಟು ಜನ ಬಂದಿದ್ದೀರಿ. ಹಾಗಾಗಿ ಪೀಠಿಕೆ ಬೇಡ, ನೇರ ವಿಷಯಕ್ಕೇ ಬರುತ್ತೇನೆ.

2011ರ ಮಾರ್ಚ್ 27, ಭಾನುವಾರ. ಮೆಲ್ಬರ್ನ್‌ನಲ್ಲಿ ಆ ವರ್ಷದ ಮೊದಲ ಫಾರ್ಮುಲಾ ಒನ್ ರೇಸ್. ಎರಡು ಕಾರು ಹಸಿರು-ಹಳದಿ, ಆ ತಂಡದ ಹೆಸರು ಟೀಮ್ ಲೋಟಸ್. ಇನ್ನೆರಡು ಕಾರು ಕಪ್ಪು-ಬಂಗಾರದ ಬಣ್ಣ, ಆ ತಂಡದ ಹೆಸರು ಲೋಟಸ್ ರೆನೋ ಜಿಪಿ. ತಮಾಷೆ ಏನಂದರೆ ಹಸಿರು ಕಾರಿನ ಒಳಗೂ ರೆನೋ ಇಂಜಿನ್ನೇ ಇತ್ತು! ಟಿವಿ ಮುಂದೆ ಕೂತವರು 'ಇದರಲ್ಲಿ ಲೋಟಸ್ ಯಾವುದಪ್ಪಾ' ಅಂತ ತಲೆ ಕೆರೆದುಕೊಂಡರು. ಅದೇ ಪ್ರಶ್ನೆಯ ವಿಚಾರಣೆ ಅದೇ ವಾರ, ಮಾರ್ಚ್ 21ರ ಸೋಮವಾರ, ಲಂಡನ್ ಹೈಕೋರ್ಟಿನಲ್ಲಿ ಶುರುವಾಗಿತ್ತು.

ಜಗಳ ಅಪ್ಪಟ ಇಂಗ್ಲಿಷ್ ಹೆಸರಿನ ಮೇಲೆ. ಜಗಳ ಆಡುತ್ತಿದ್ದವರ ಹಿಂದಿನ ದುಡ್ಡು ಮಾತ್ರ ಎರಡೂ ಕಡೆ ಮಲೇಷ್ಯಾದ್ದು. ಒಂದು ಕಡೆ, ಹಸಿರು ಕಾರಿನ ಹಿಂದೆ, ಏರ್‌ಏಷ್ಯಾ ವಿಮಾನ ಕಂಪನಿಯ ಟೋನಿ ಫರ್ನಾಂಡಿಸ್. ಇನ್ನೊಂದು ಕಡೆ, ಕಪ್ಪು ಕಾರಿನ ಹಿಂದೆ, ಗ್ರೂಪ್ ಲೋಟಸ್, ಅಂದರೆ ಲೋಟಸ್ ಕಾರು ಮಾಡಿ ಮಾರುವ ಕಂಪನಿ. ಅದರ ಮಾಲೀಕ ಮಲೇಷ್ಯಾದ ಕಾರು ಕಂಪನಿ ಪ್ರೋಟಾನ್. ಇಬ್ಬರೂ ಸುಳ್ಳು ಹೇಳುತ್ತಿರಲಿಲ್ಲ ಅನ್ನೋದೇ ಈ ಕೇಸಿನ ಮಜಾ. ಇಬ್ಬರ ಕೈಯಲ್ಲೂ ಆ ಹೆಸರಿನ ಒಂದೊಂದು ತುಂಡು ನಿಜವಾಗಿಯೂ ಇತ್ತು. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಹೆಸರು ಒಡೆದಿದ್ದು ಇವರಿಬ್ಬರಿಂದ ಅಲ್ಲ. ಅದನ್ನು ಒಡೆದಿಟ್ಟು ಹೋದವರು ಆ ಹೆಸರನ್ನು ಕಟ್ಟಿದವರೇ.

ಅವರು ಕಾಲಿನ್ ಚಾಪ್ಮನ್. ಇವತ್ತಿಗೂ ಲೋಟಸ್ ಕಾರಿನ ಮೂತಿಯ ಮೇಲಿರುವ ಬ್ಯಾಡ್ಜಿನಲ್ಲಿ ಹೆಣೆದುಕೊಂಡಿರುವ ನಾಲ್ಕು ಅಕ್ಷರ ಅವರ ಪೂರ್ತಿ ಹೆಸರಿನದು: ಆಂಥನಿ ಕಾಲಿನ್ ಬ್ರೂಸ್ ಚಾಪ್ಮನ್. 1952ರಲ್ಲಿ ಲೋಟಸ್ ಇಂಜಿನಿಯರಿಂಗ್ ಕಂಪನಿ ಶುರು ಮಾಡಿದರು. ಅದರ ಕೆಲಸ ಕಾರು ಮಾಡಿ ಮಾರುವುದು. 1954ರಲ್ಲಿ ರೇಸಿಗೆ ಅಂತಲೇ ಟೀಮ್ ಲೋಟಸ್ ಅನ್ನೋ ಬೇರೆ ಸಂಸ್ಥೆ ಮಾಡಿದರು. ಇಲ್ಲೇ ಬೀಜ ಬಿದ್ದಿದ್ದು. ಅವರಿದ್ದಷ್ಟು ದಿನ ಇದು ಯಾರಿಗೂ ಸಮಸ್ಯೆ ಅನ್ನಿಸಲಿಲ್ಲ, ಯಾಕಂದ್ರೆ ಎರಡಕ್ಕೂ ಯಜಮಾನ ಅವರೇ. 1968ರಲ್ಲಿ ಕಾರು ಮಾಡುವ ಕಂಪನಿ ಷೇರು ಮಾರುಕಟ್ಟೆಗೆ ಹೋಯಿತು. ರೇಸ್ ತಂಡ ಹೋಗಲಿಲ್ಲ. ಅದನ್ನು ಚಾಪ್ಮನ್ ತಮ್ಮ ಮನೆಯ ಸ್ವತ್ತಾಗಿಯೇ ಇಟ್ಟುಕೊಂಡರು. ಅಂದರೆ ಅವತ್ತಿನಿಂದ ಕಾರಿನ ಲೋಟಸ್ ಷೇರುದಾರರದ್ದು, ರೇಸಿನ ಲೋಟಸ್ ಚಾಪ್ಮನ್ ಮನೆಯವರದ್ದು.

ಆ ರೇಸಿನ ಲೋಟಸ್ ಏನು ಸಾಮಾನ್ಯದ್ದಾ? 1958ರಲ್ಲಿ ಫಾರ್ಮುಲಾ ಒನ್‌ಗೆ ಬಂತು. 1962ರಲ್ಲಿ ಲೋಟಸ್ 25 ಬಂದಾಗ ಬೇರೆಯವರು ಇನ್ನೂ ಕೊಳವೆಗಳನ್ನು ಬೆಸೆದು ಚೌಕಟ್ಟು ಮಾಡುತ್ತಿದ್ದರು. ಚಾಪ್ಮನ್ ಕಾರಿನ ಹೊರಮೈಯನ್ನೇ ಚೌಕಟ್ಟಾಗಿ ಮಾಡಿ, ಹಗುರವೂ ಗಟ್ಟಿಯೂ ಆದ ಕಾರು ತಂದರು. ಅದರಲ್ಲಿ ಜಿಮ್ ಕ್ಲಾರ್ಕ್ 1963ರಲ್ಲಿ ಚಾಂಪಿಯನ್. 1965ರಲ್ಲಿ ಮತ್ತೆ ಚಾಂಪಿಯನ್, ಅದೇ ವರ್ಷ ಅಮೆರಿಕದ ಇಂಡಿಯಾನಾಪೊಲಿಸ್ 500 ರೇಸನ್ನೂ ಗೆದ್ದರು. 1967ರ ಲೋಟಸ್ 49ರಲ್ಲಿ ಕಾಸ್ವರ್ತ್ ಡಿಎಫ್‌ವಿ ಇಂಜಿನ್ ಬಂತು. ಅದು ಬರೀ ಕಾರನ್ನು ಓಡಿಸುತ್ತಿರಲಿಲ್ಲ, ಕಾರಿನ ಹಿಂಭಾಗದ ಭಾರವನ್ನೂ ಹೊರುತ್ತಿತ್ತು. ಎಪ್ಪತ್ತರ ದಶಕದ ಕೊನೆಗೆ 78 ಮತ್ತು 79. ಕಾರಿನ ಅಡಿಯಲ್ಲಿ ಹರಿಯುವ ಗಾಳಿಯೇ ಕಾರನ್ನು ನೆಲಕ್ಕೆ ಹೀರಿ ಹಿಡಿಯುವಂತೆ ಮಾಡಿದ ಕಾರುಗಳು. 1978ರಲ್ಲಿ ಮಾರಿಯೋ ಆಂಡ್ರೆಟಿ ಗೆದ್ದಿದ್ದು ಇವುಗಳಿಂದಲೇ. ಒಟ್ಟು ಆರು ಚಾಲಕರ ಪ್ರಶಸ್ತಿ, ಏಳು ತಂಡದ ಪ್ರಶಸ್ತಿ. ಇದರ ಜೊತೆಗೆ ಸಾವುಗಳೂ ಇವೆ. 1968ರಲ್ಲಿ ಹಾಕನ್‌ಹೈಮ್‌ನಲ್ಲಿ ಕ್ಲಾರ್ಕ್. 1970ರಲ್ಲಿ ಮೊಂಜಾದಲ್ಲಿ ಯೋಕೆನ್ ರಿಂಟ್. ರಿಂಟ್‌ಗೆ ಆ ವರ್ಷದ ಪ್ರಶಸ್ತಿ ಸತ್ತ ಮೇಲೆ ಬಂತು.

ಬಣ್ಣದ ವಿಷಯವನ್ನೂ ನೆನಪಿಟ್ಟುಕೊಳ್ಳಿ. ಅರವತ್ತರ ದಶಕದ ಲೋಟಸ್ ಹಸಿರು, ಮೇಲೆ ಹಳದಿ ಪಟ್ಟಿ. 1972ರಿಂದ ಜಾನ್ ಪ್ಲೇಯರ್ ಸ್ಪೆಷಲ್ ಸಿಗರೇಟಿನ ದುಡ್ಡು ಬಂದು ಕಪ್ಪು-ಬಂಗಾರ. ನಿಮ್ಮ ವಯಸ್ಸಿನ ಮೇಲೆ ನಿಮ್ಮ ಲೋಟಸ್ ಬಣ್ಣ ನಿರ್ಧಾರವಾಗುತ್ತದೆ. 2011ರ ಜಗಳದಲ್ಲಿ ಒಬ್ಬರು ಕ್ಲಾರ್ಕ್ ಕಾಲದ ಬಣ್ಣ ಹಿಡಿದರು, ಇನ್ನೊಬ್ಬರು ಫಿಟಿಪಾಲ್ಡಿ, ಆಂಡ್ರೆಟಿ, ಸೆನ್ನಾ ಕಾಲದ ಬಣ್ಣ ಹಿಡಿದರು. ನೆನಪನ್ನೂ ಪಾಲು ಮಾಡಿಕೊಂಡಂತಾಯಿತು.

1982ರ ಡಿಸೆಂಬರ್‌ನಲ್ಲಿ ಚಾಪ್ಮನ್ ಹೃದಯಾಘಾತದಿಂದ ತೀರಿಕೊಂಡರು. ಬರೀ 54 ವರ್ಷ. ಅಲ್ಲಿಂದ ಎರಡು ಲೋಟಸ್ ಎರಡು ದಾರಿ ಹಿಡಿದವು. ಅಣ್ಣತಮ್ಮಂದಿರು ಪಾಲಾದಾಗ ಮನೆ, ಗದ್ದೆ ಹಂಚಿಕೊಂಡು ಅಪ್ಪನ ಅಂಗಡಿಯ ಬೋರ್ಡನ್ನು ಮಾತ್ರ ಹಂಚಲಾಗದೆ ಹಾಗೇ ಬಿಟ್ಟಿರುತ್ತಾರಲ್ಲ, ಮೊಮ್ಮಕ್ಕಳ ಕಾಲಕ್ಕೆ ಅದೇ ಕೋರ್ಟಿಗೆ ಹೋಗುತ್ತೆ. ಇಲ್ಲೂ ಹಾಗೇ ಆಯಿತು.

ಕಾರಿನ ಲೋಟಸ್ 1986ರಲ್ಲಿ ಜನರಲ್ ಮೋಟರ್ಸ್ ಕೈಗೆ ಹೋಯಿತು. 1993ರಲ್ಲಿ ಬುಗಾಟಿಯ ರೊಮಾನೊ ಆರ್ಟಿಯೋಲಿ, 1996ರಲ್ಲಿ ಪ್ರೋಟಾನ್. ರೇಸಿನ ಲೋಟಸ್ ಕಥೆ ಇನ್ನೂ ಬೇಜಾರಿನದು. 1987ರಲ್ಲಿ ಡೆಟ್ರಾಯಿಟ್‌ನಲ್ಲಿ ಐರ್ಟನ್ ಸೆನ್ನಾ ಗೆದ್ದರು. ಟೀಮ್ ಲೋಟಸ್‌ನ ಕೊನೆಯ ಗೆಲುವು ಅದು. ಆಮೇಲೆ ಸಾಲ ಬೆಳೆಯಿತು. 1994ರಲ್ಲಿ ತಂಡ ದಿವಾಳಿಯ ಬಾಗಿಲಿಗೆ ಬಂದಾಗ ಕೊಂಡವರು ಡೇವಿಡ್ ಹಂಟ್, 1976ರ ಚಾಂಪಿಯನ್ ಜೇಮ್ಸ್ ಹಂಟ್ ಅವರ ತಮ್ಮ. 1995ರ ಜನವರಿಯಲ್ಲಿ ತಂಡ ಮುಚ್ಚಿತು. ಆ ವರ್ಷ ಪೆಸಿಫಿಕ್ ಅನ್ನೋ ಸಣ್ಣ ತಂಡದ ಹೆಸರಿಗೆ 'ಟೀಮ್ ಲೋಟಸ್' ಅಂಟಿಸಿದರು, ಅಷ್ಟೇ. ಕಾರಿಲ್ಲ, ಚಾಲಕರಿಲ್ಲ, ಹಂಟ್ ಕೈಯಲ್ಲಿ ಉಳಿದದ್ದು ಹೆಸರೊಂದೇ. ಅದನ್ನು ಹದಿನೈದು ವರ್ಷ ಬಿಡದೆ ಹಿಡಿದುಕೊಂಡಿದ್ದರು.

ಈಗ 2009. ಫಾರ್ಮುಲಾ ಒನ್ ಹೊಸ ತಂಡಗಳನ್ನು ಕರೆಯಿತು. ಸೆಪ್ಟೆಂಬರ್‌ನಲ್ಲಿ ಫರ್ನಾಂಡಿಸ್ ಅವರ ಮಲೇಷ್ಯಾ ತಂಡಕ್ಕೆ ಜಾಗ ಸಿಕ್ಕಿತು. ಮುಂದಿನ ಮಾರ್ಚ್‌ಗೆ ರೇಸ್, ಕೈಯಲ್ಲಿ ಆರು ತಿಂಗಳು. ತಂಡದ ತಾಂತ್ರಿಕ ಮುಖ್ಯಸ್ಥ ಮೈಕ್ ಗ್ಯಾಸ್ಕೊಯ್ನ್ ಇಂಗ್ಲೆಂಡಿನ ನಾರ್ಫೋಕ್ ಸೀಮೆಯ ಹಿಂಗಮ್‌ನಲ್ಲಿ ಕೂತು ಕಾರು ಮಾಡಿಸಿದರು. ಲೋಟಸ್‌ನ ಹಳೇ ಊರು ಹೆಥೆಲ್ ಅಲ್ಲಿಂದ ದೂರವೇನಿಲ್ಲ. ಹೆಸರಿಗಾಗಿ ಗ್ರೂಪ್ ಲೋಟಸ್‌ನಿಂದ ಐದು ವರ್ಷದ ಲೈಸೆನ್ಸ್ ಪಡೆದರು. 2010ರಲ್ಲಿ ತಂಡದ ಹೆಸರು 'ಲೋಟಸ್ ರೇಸಿಂಗ್'. ಗಮನಿಸಿ, 'ಟೀಮ್ ಲೋಟಸ್' ಅಲ್ಲ. ಆ ವರ್ಷ ಒಂದೂ ಪಾಯಿಂಟ್ ಬರಲಿಲ್ಲ. ಆದರೂ ಹೊಸ ಮೂರು ತಂಡಗಳಲ್ಲಿ ಮೊದಲನೆಯದಾಗಿ, ಒಟ್ಟಾರೆ ಹತ್ತನೆಯದಾಗಿ ಮುಗಿಸಿದರು. (ಹೊಸಬರಲ್ಲಿ ರಿಚರ್ಡ್ ಬ್ರಾನ್ಸನ್ ಅವರ ವರ್ಜಿನ್ ತಂಡವೂ ಇತ್ತು. ಸೋತವರು ಗೆದ್ದವರ ವಿಮಾನದಲ್ಲಿ ಗಗನಸಖಿ ವೇಷ ಹಾಕಿ ಕೆಲಸ ಮಾಡಬೇಕು ಅಂತ ಪಂದ್ಯ ಕಟ್ಟಿದ್ದರು. ಬ್ರಾನ್ಸನ್ 2013ರಲ್ಲಿ ಏರ್‌ಏಷ್ಯಾ ವಿಮಾನದಲ್ಲಿ ಕೆಂಪು ಸ್ಕರ್ಟ್ ತೊಟ್ಟು ಮಾತು ಉಳಿಸಿಕೊಂಡರು.)

ಅಷ್ಟರಲ್ಲಿ ಗ್ರೂಪ್ ಲೋಟಸ್‌ಗೆ ಹೊಸ ಯಜಮಾನ ಬಂದಿದ್ದರು. ಡ್ಯಾನಿ ಬಹಾರ್, ಫೆರಾರಿಯಲ್ಲಿ ಮಾರ್ಕೆಟಿಂಗ್ ನೋಡಿಕೊಂಡವರು. 2010ರ ಪ್ಯಾರಿಸ್ ಮೋಟಾರ್ ಶೋದಲ್ಲಿ ಒಂದೇ ಸಲಕ್ಕೆ ಐದು ಹೊಸ ಕಾರುಗಳನ್ನು ತೋರಿಸಿದರು. ಲೋಟಸ್ ಅನ್ನು ಫೆರಾರಿ, ಪೋರ್ಷೆ ಸಾಲಿಗೆ ಏರಿಸೋ ಆಸೆ. ಅಂಥವರಿಗೆ ತಮ್ಮ ಹೆಸರು ಹೊತ್ತ ಕಾರು ಹಿಂದಿನ ಸಾಲಿನಲ್ಲಿ ಓಡೋದು ಹೇಗೆ ರುಚಿಸೀತು? ಲೈಸೆನ್ಸ್ ಒಪ್ಪಂದ ಮುರಿದಿದ್ದೀರಿ ಅಂತ ಹೇಳಿ ಅದನ್ನು ರದ್ದು ಮಾಡಿದರು. ತಕರಾರಿನ ಒಂದು ಭಾಗ ಹೆಸರು ಹಾಕಿ ಮಾರುವ ಸರಕಿನದು: ನಮ್ಮ ಒಪ್ಪಿಗೆ ಇಲ್ಲದೆ ನಮ್ಮ ಹೆಸರು ಬಳಸಿದ್ದೀರಿ ಅಂತ. ಅಂಗಿ-ಟೋಪಿ ವಿಷಯಕ್ಕೆ ಇಷ್ಟು ದೊಡ್ಡ ಗಲಾಟೆಯಾ ಅನ್ನಿಸಬಹುದು. ಕಾಂಟ್ರಾಕ್ಟ್‌ಗಳು ಮುರಿಯೋದು ಇಂಥ ಕಡೆಯೇ.

ಫರ್ನಾಂಡಿಸ್ ಸುಮ್ನೆ ಕೂರಲಿಲ್ಲ. ಸೆಪ್ಟೆಂಬರ್‌ನಲ್ಲಿ ಸಿಂಗಪುರ ರೇಸಿನ ವಾರಾಂತ್ಯದಲ್ಲಿ ಘೋಷಿಸಿದರು: ಡೇವಿಡ್ ಹಂಟ್ ಅವರಿಂದ 'ಟೀಮ್ ಲೋಟಸ್' ಹೆಸರನ್ನೇ ಕೊಂಡಿದ್ದೇವೆ. ಬಾಡಿಗೆ ಮನೆಯಿಂದ ಎಬ್ಬಿಸಿದರೆ ಪಕ್ಕದ ಮನೆ ಖರೀದಿ! ಡಿಸೆಂಬರ್‌ನಲ್ಲಿ ಬಹಾರ್ ಉತ್ತರ ಕೊಟ್ಟರು. ಜೆರಾರ್ಡ್ ಲೋಪೆಜ್ ಅವರ ಜೆನೀ ಕ್ಯಾಪಿಟಲ್ ಅನ್ನೋ ಹೂಡಿಕೆ ಕಂಪನಿಯ ಕೈಯಲ್ಲಿದ್ದ ರೆನೋ ತಂಡಕ್ಕೆ ಗ್ರೂಪ್ ಲೋಟಸ್ ಮುಖ್ಯ ಪ್ರಾಯೋಜಕ ಆಯಿತು. ರೆನೋ ಆ ತಂಡದಲ್ಲಿ ಉಳಿದಿದ್ದ ಪಾಲನ್ನೂ ಆಗಲೇ ಬಿಟ್ಟುಕೊಟ್ಟು ಇಂಜಿನ್ ಕೊಡುವ ಕಂಪನಿಯಾಗಿ ಉಳಿಯಿತು. ಅಂದರೆ 'ಲೋಟಸ್ ರೆನೋ ಜಿಪಿ' ತಂಡದ ಮಾಲೀಕರು ಲೋಟಸ್ಸೂ ಅಲ್ಲ, ರೆನೋನೂ ಅಲ್ಲ.

ಇದರಲ್ಲಿ ಚಾಪ್ಮನ್ ಮನೆಯವರು ಎಲ್ಲಿದ್ದರು? 2011ರ ಶುರುವಿನಲ್ಲಿ ಅವರು ಗ್ರೂಪ್ ಲೋಟಸ್ ಪರ ನಿಂತರು. ಅಭಿಮಾನಿಗಳಲ್ಲಿ ಕೆಲವರಿಗೆ ಇದು ನೋವಾಯಿತು. ನನಗೂ ಆಶ್ಚರ್ಯವೇ ಆಗಿತ್ತು. ಆದರೆ ಆ ಹೆಸರು ಅವರ ಕೈಬಿಟ್ಟು ಎಷ್ಟೋ ವರ್ಷವಾಗಿತ್ತು. ಅವರ ಮಾತಿಗೆ ತೂಕ ಇತ್ತು, ಹಕ್ಕಿನ ಬಲ ಇರಲಿಲ್ಲ.

ನಾನು ವಕೀಲನಲ್ಲ, ಆದರೂ ಕಾನೂನಿನ ಒಂದು ಮಾತು ಹೇಳದೆ ಮುಂದೆ ಹೋಗೋಕಾಗಲ್ಲ. ಹೆಸರಿನ ಮೇಲಿನ ಹಕ್ಕಿನಲ್ಲಿ ಎರಡು ಬಗೆ. ಒಂದು, ನೋಂದಾಯಿಸಿದ ಟ್ರೇಡ್‌ಮಾರ್ಕ್. ಸುಮ್ನೆ ಬರೆಸಿಟ್ಟರೆ ಸಾಲದು. ಬ್ರಿಟನ್ನಿನಲ್ಲಿ ಐದು ವರ್ಷ ಬಳಸದೆ ಬಿಟ್ಟರೆ ಬೇರೆಯವರು ಅದನ್ನು ರದ್ದು ಮಾಡಿ ಅಂತ ಕೇಳಬಹುದು. ನಮ್ಮ 1999ರ ಕಾಯಿದೆಯಲ್ಲೂ ಇಂಥದ್ದೇ ನಿಯಮ ಇದೆ. ಇನ್ನೊಂದು ಗುಡ್‌ವಿಲ್. ಜನರ ನಡುವೆ ಗಳಿಸಿದ ಒಳ್ಳೇ ಹೆಸರು. ಇನ್ನೊಬ್ಬರು ಅದನ್ನು ತಮ್ಮದು ಅಂತ ತೋರಿಸಿಕೊಂಡು ಜನರನ್ನು ದಾರಿ ತಪ್ಪಿಸಿದರೆ ಕೋರ್ಟು ತಡೆಯುತ್ತದೆ. ಅಂದರೆ 'ಚಾಪ್ಮನ್ನರ ನಿಜವಾದ ವಾರಸುದಾರ ಯಾರು' ಅನ್ನೋದು ಕೋರ್ಟಿನ ಪ್ರಶ್ನೆಯೇ ಆಗಿರಲಿಲ್ಲ. ಅಭಿಮಾನಿಗಳಿಗೆ ಮಾತ್ರ ಬೇಕಾಗಿದ್ದದ್ದು ಆ ಒಂದೇ ಉತ್ತರ.

2011ರ ಮೇ 27ರಂದು ನ್ಯಾಯಮೂರ್ತಿ ಪೀಟರ್ ಸ್ಮಿತ್ ತೀರ್ಪು ಕೊಟ್ಟರು. ಫರ್ನಾಂಡಿಸ್ ತಂಡ 'ಟೀಮ್ ಲೋಟಸ್' ಅಂತ ಓಡಬಹುದು. ಗ್ರೂಪ್ ಲೋಟಸ್ ಕೂಡ 'ಲೋಟಸ್' ಹೆಸರಿನಲ್ಲಿ, ಕಪ್ಪು-ಬಂಗಾರದ ಬಣ್ಣದಲ್ಲಿ ಓಡಬಹುದು. ಹಳೇ ಲೈಸೆನ್ಸ್ ಮುರಿದದ್ದಕ್ಕೆ ಫರ್ನಾಂಡಿಸ್ ಕಡೆಯವರು ಪರಿಹಾರ ಕೊಡಬೇಕು. ಅವತ್ತೇ ಎರಡೂ ಕಡೆಯವರು 'ಗೆದ್ದೆವು' ಅಂದರು. ಚಾಪ್ಮನ್ 1950ರ ದಶಕದಲ್ಲಿ ಎಳೆದ ಗೆರೆ ಇತ್ತಲ್ಲ, ಜಡ್ಜ್ ಹೆಚ್ಚುಕಮ್ಮಿ ಅದೇ ಗೆರೆಯ ಮೇಲೆ ಮತ್ತೊಮ್ಮೆ ಪೆನ್ನು ಎಳೆದರು. ನೋಡುವವರ ಗೊಂದಲ ಹಾಗೇ ಉಳಿಯಿತು.

ಟ್ರ್ಯಾಕಿನಲ್ಲಿ ಎರಡರ ನಡುವೆ ಹೋಲಿಕೆಯೇ ಇರಲಿಲ್ಲ. ಕಪ್ಪು ಕಾರು ಮೆಲ್ಬರ್ನ್‌ನಲ್ಲಿ ಮೂರನೆಯದು, ವಿಟಾಲಿ ಪೆಟ್ರೋವ್. ಮಲೇಷ್ಯಾದಲ್ಲೂ ಮೂರನೆಯದು, ನಿಕ್ ಹೈಡ್‌ಫೆಲ್ಡ್. ಹಸಿರು ಕಾರಿಗೆ ವರ್ಷವಿಡೀ ಒಂದು ಪಾಯಿಂಟೂ ಇಲ್ಲ. ಅದರಲ್ಲಿ ನಮ್ಮ ಪಕ್ಕದ ಚೆನ್ನೈನ ಕರುಣ್ ಚಂದೋಕ್ ಮೀಸಲು ಚಾಲಕರಾಗಿದ್ದರು. ಜರ್ಮನಿಯಲ್ಲಿ ಒಂದು ರೇಸ್ ಸಿಕ್ಕಿತು. ಅಕ್ಟೋಬರ್ 30ಕ್ಕೆ ಬುದ್ಧ ಸರ್ಕ್ಯೂಟ್‌ನಲ್ಲಿ ಭಾರತದ ಮೊದಲ ಗ್ರಾಂಪ್ರೀ ನಡೆದಾಗ ಅವರಿಗೆ ಸಿಕ್ಕಿದ್ದು ಶುಕ್ರವಾರದ ಅಭ್ಯಾಸ ಮಾತ್ರ. ಭಾನುವಾರ ಆ ಕಾರಿನಲ್ಲಿ ಕೂತವರು ಯಾರ್ನೊ ಟ್ರುಲಿ. ಎರಡು ಲೋಟಸ್ಸನ್ನು ಒಂದೇ ಟ್ರ್ಯಾಕಿನಲ್ಲಿ ಕಣ್ಣಾರೆ ನೋಡಿದ ಭಾರತೀಯರು ಇದ್ದಾರೆ ಅಂದರೆ ಅದು ಅವತ್ತಿನ ದಯೆ. ಆಮೇಲೆ ಆ ಅವಕಾಶವೇ ಬರಲಿಲ್ಲ.

ಯಾಕಂದರೆ ಕೋರ್ಟಿಗೆ ಆಗದ್ದು ಮುಂದಿನ ತಿಂಗಳು ವ್ಯವಹಾರದಿಂದ ಆಯಿತು. ಫರ್ನಾಂಡಿಸ್ ಏಪ್ರಿಲ್‌ನಲ್ಲೇ ಕೇಟರಮ್ ಕಾರ್ಸ್ ಕಂಪನಿ ಕೊಂಡಿದ್ದರು. 1973ರಲ್ಲಿ ಚಾಪ್ಮನ್ನರಿಂದ ಲೋಟಸ್ ಸೆವೆನ್ ಕಾರಿನ ಹಕ್ಕು ಪಡೆದ ಕಂಪನಿ ಅದು. ಲೋಟಸ್ ಬಿಟ್ಟು ಹೋಗೋಕೆ ಇದಕ್ಕಿಂತ ಮರ್ಯಾದೆಯ ಬಾಗಿಲು ಇರಲಿಲ್ಲ. ಆದರೆ ತಂಡಗಳು ಮನಸ್ಸಿಗೆ ಬಂದಾಗ ಹೆಸರು ಬದಲಿಸುವಂತಿಲ್ಲ. ಕಾರು ಯಾವ ಹೆಸರಿನಲ್ಲಿ ನೋಂದಾಯಿಸಿದೆಯೋ ಅದಕ್ಕೇ ಟಿವಿ ಹಣದ ಪಾಲು ಅಂಟಿಕೊಂಡಿರುತ್ತದೆ. ಒಪ್ಪಿಗೆ ಇಲ್ಲದೆ ಹೆಸರು ಬಿಟ್ಟರೆ ಕೋಟಿಗಟ್ಟಲೆ ಹೋಗುತ್ತದೆ. ಅಭಿಮಾನ, ಪರಂಪರೆ ಅಂತ ಎಷ್ಟೇ ಭಾಷಣ ಮಾಡಿದರೂ, ಎರಡೂ ಕಡೆಯವರು ಅಷ್ಟು ದಿನ ಹಲ್ಲು ಕಚ್ಚಿ ಕೂತದ್ದಕ್ಕೆ ಇದೂ ಒಂದು ಕಾರಣ ಅಂತ ನನ್ನ ಅನಿಸಿಕೆ. ನವೆಂಬರ್‌ನಲ್ಲಿ ಫಾರ್ಮುಲಾ ಒನ್ ಕಮಿಷನ್ ಒಪ್ಪಿತು, ಅದರ ಹಿಂದೆಯೇ ರಾಜಿ ಆಯಿತು. 2012ರಿಂದ ಹಸಿರು ತಂಡ ಕೇಟರಮ್, ಕಪ್ಪು ತಂಡ ಲೋಟಸ್ ಎಫ್1 ಟೀಮ್.

ಆಮೇಲಿನದು ಚುಟುಕಾಗಿ ಹೇಳಿಬಿಡುತ್ತೇನೆ. ಕಿಮಿ ರೈಕೊನೆನ್ ಕಪ್ಪು ಕಾರಿನಲ್ಲಿ 2012ರ ಅಬುಧಾಬಿ, 2013ರ ಮೆಲ್ಬರ್ನ್ ರೇಸ್ ಗೆದ್ದರು. ಒಳ್ಳೇ ಗೆಲುವುಗಳೇ. ಆದರೆ ಆ ಕಾರು ತಯಾರಾಗಿದ್ದು ಇಂಗ್ಲೆಂಡಿನ ಎನ್‌ಸ್ಟೋನ್‌ ಅನ್ನೋ ಊರಿನಲ್ಲಿ. ಶುಮಾಕರ್ ಬೆನೆಟನ್ ಹೆಸರಲ್ಲಿ, ಅಲೋನ್ಸೊ ರೆನೋ ಹೆಸರಲ್ಲಿ ಗೆದ್ದ ಅದೇ ತಂಡ. ನಮ್ಮ ವಿಜಯ ಮಲ್ಯ ಅವರ ಫೋರ್ಸ್ ಇಂಡಿಯಾ ಕೂಡ ಹಾಗೇ: ಸಿಲ್ವರ್‌ಸ್ಟೋನ್ ಪಕ್ಕದ ಅದೇ ತಂಡ ಜೋರ್ಡನ್, ಮಿಡ್‌ಲ್ಯಾಂಡ್, ಸ್ಪೈಕರ್ ಆಗಿ ಫೋರ್ಸ್ ಇಂಡಿಯಾ ಆಯಿತು, ಆಮೇಲೆ ರೇಸಿಂಗ್ ಪಾಯಿಂಟ್, ಈಗ ಆಸ್ಟನ್ ಮಾರ್ಟಿನ್. ಫಾರ್ಮುಲಾ ಒನ್‌ನಲ್ಲಿ ಕೆಲಸಗಾರರು ಒಂದೇ ಕಡೆ ಇರುತ್ತಾರೆ, ಹೆಸರುಗಳು ಬಂದು ಹೋಗುತ್ತವೆ. ಚಾಪ್ಮನ್ ಕಾಲದ ಲೋಟಸ್‌ನಲ್ಲಿ ಹೆಸರು, ಜನ, ಜಾಗ ಮೂರೂ ಒಂದೇ ಕಡೆ ಇದ್ದವು. ಆ ಅರ್ಥದಲ್ಲಿ 2011ರ ಎರಡೂ ತಂಡ ಲೋಟಸ್ ಅಲ್ಲ. ಇದನ್ನು ಹೇಳಿದರೆ ಎರಡೂ ಕಡೆಯ ಅಭಿಮಾನಿಗಳು ನನ್ನ ಮೇಲೆ ಬೀಳುತ್ತಾರೆ. ಬೀಳಲಿ ಬಿಡಿ.

ಬಹಾರ್ ಅವರನ್ನು 2012ರಲ್ಲೇ ಗ್ರೂಪ್ ಲೋಟಸ್ ಕೆಲಸದಿಂದ ತೆಗೆಯಿತು. ಪ್ಯಾರಿಸ್‌ನ ಆ ಐದು ಕಾರುಗಳ ಯೋಜನೆ ಮುಗಿದೇ ಹೋಯಿತು. ಕೇಟರಮ್ 2014ರಲ್ಲಿ ದಿವಾಳಿಯಾಗಿ, ಅಭಿಮಾನಿಗಳಿಂದ ಚಂದಾ ಎತ್ತಿ ಅಬುಧಾಬಿಯಲ್ಲಿ ಕೊನೆಯ ರೇಸ್ ಓಡಿ ಮುಚ್ಚಿತು. ಲೋಟಸ್ ಎಫ್1 ತಂಡ 2015ರಲ್ಲಿ ಎಷ್ಟು ಬಾಕಿ ಉಳಿಸಿಕೊಂಡಿತ್ತೆಂದರೆ ಜಪಾನಿನಲ್ಲಿ ಅತಿಥಿಗಳ ಕೋಣೆಗೇ ಅವರನ್ನು ಬಿಡಲಿಲ್ಲ. ಆ ವರ್ಷದ ಕೊನೆಗೆ ರೆನೋ ಅದನ್ನು ಮತ್ತೆ ಕೊಂಡಿತು. 2017ರಲ್ಲಿ ಕಾರಿನ ಲೋಟಸ್‌ನ ಬಹುಪಾಲು ಚೀನಾದ ಜೀಲಿ ಕಂಪನಿಗೆ ಹೋಯಿತು.

ನನ್ನ ಮಾತು ಇಷ್ಟು. ಪ್ರಶ್ನೆ ಇದ್ದರೆ ಕೇಳಿ. ಟ್ರೇಡ್‌ಮಾರ್ಕ್ ಕಾನೂನಿನ ಬಗ್ಗೆ ಮಾತ್ರ, ಸಭೆಯಲ್ಲಿ ವಕೀಲರು ಯಾರಾದರೂ ಇದ್ದರೆ ಅವರೇ ಉತ್ತರ ಕೊಡಲಿ.