ಹಾಸ್ಟೆಲ್ ಸೀಟು ಸಿಕ್ಕಿದೋರು, ಸಿಗದೇ ಇದ್ದೋರು

ಎಲ್ಲರಿಗೂ ನಮಸ್ಕಾರ. ಸಮಾಜದ ಸಂಸ್ಥೆಗಳು ಒಬ್ಬ ಮನುಷ್ಯನ ಬದುಕನ್ನ ಹೆಂಗೆ ರೂಪಿಸ್ತವೆ ಅನ್ನೋದು ಇವತ್ತಿನ ವಿಷಯ. ಕುಟುಂಬ, ಮದುವೆ, ಜಾತಿ, ಮಠ, ಸರ್ಕಾರ ಅಂತ ಎಲ್ಲಾನೂ ಇಷ್ಟು ಹೊತ್ತಲ್ಲಿ ಮುಗಿಸೋಕಾಗಲ್ಲ, ಅದಕ್ಕೆ ನಾನು ಒಂದನ್ನೇ ಹಿಡ್ಕೊಂಡಿದೀನಿ, ವಿದ್ಯಾರ್ಥಿ ನಿಲಯ, ಅಂದ್ರೆ ನಮ್ಮೆಲ್ಲರ ಬಾಯಲ್ಲಿ ಹಾಸ್ಟೆಲ್. ಹಳ್ಳಿಯಿಂದ ಬಂದು ಮೇಷ್ಟ್ರೋ ಡಾಕ್ಟ್ರೋ ತಹಶೀಲ್ದಾರ್ರೋ ಆದೋರಿಗೆ ಊರಲ್ಲಿ ಸನ್ಮಾನ ಮಾಡ್ತೀವಲ್ಲ, ಆಗ ಸ್ಟೇಜ್ ಮೇಲೆ ಸ್ವಂತ ಪರಿಶ್ರಮದಿಂದ ಮೇಲೆ ಬಂದವರು ಅಂತ ಹೇಳ್ತೀವಿ. ಪರಿಶ್ರಮ ಸುಳ್ಳಲ್ಲ. ಆದ್ರೆ ಅವರ ಜೊತೇಲೇ ಏಳನೇ ಕ್ಲಾಸ್ ಓದಿದ್ದ, ಲೆಕ್ಕದಲ್ಲಿ ಅವರಿಗಿಂತ ಚುರುಕಿದ್ದ ಪಕ್ಕದ ಬೀದಿ ಹುಡುಗ ಯಾಕೆ ದನ ಕಾಯ್ಕೊಂಡು ಊರಲ್ಲೇ ಉಳಿದ ಅಂತ ಯಾರೂ ಕೇಳಲ್ಲ. ಎಷ್ಟೋ ಸಲ ಉತ್ತರ ತುಂಬಾ ಚಿಕ್ಕದು. ಹೈಸ್ಕೂಲು ಪೇಟೇಲಿತ್ತು, ಪೇಟೇಲಿ ಮಲಗೋಕೆ ಜಾಗ ಇರ್ಲಿಲ್ಲ, ಅನ್ನ ಹಾಕೋರು ಇರ್ಲಿಲ್ಲ.

ಹಾಸ್ಟೆಲ್ ಬರೋಕೆ ಮುಂಚೆ ಹಳೇ ಮೈಸೂರು ಕಡೆ ವಾರಾನ್ನ ಅಂತ ಇತ್ತು, ದೊಡ್ಡವರಿಗೆ ನೆನಪಿರುತ್ತೆ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟ್ರ ಮನೆ, ಬುಧವಾರ ಇನ್ಯಾರದೋ ಮನೆ, ಹಿಂಗೆ ವಾರಕ್ಕೆ ಏಳು ಮನೆ ಗೊತ್ತು ಮಾಡ್ಕೊಂಡು ಬಡ ಬ್ರಾಹ್ಮಣ ಹುಡುಗರು ಓದಿದ್ರು. ಕಷ್ಟದ ಓದೇ ಅದು, ಆ ಮನೆಯೋರು ಊರಿಗೆ ಹೋಗಿದ್ರೆ ಅವತ್ತು ಉಪವಾಸ. ಆದ್ರೂ ಆ ಬಾಗಿಲ ಮುಂದೆ ಹೋಗಿ ನಿಂತ್ಕೊಳ್ಳೋಕೂ ಜಾತಿ ಬೇಕಿತ್ತು ಅನ್ನೋದನ್ನ ಮರೀಬಾರ್ದು. ಕುರುಬರ ಹುಡುಗನಿಗೋ ಹೊಲೆಯರ ಹುಡುಗನಿಗೋ ಅದೇ ಬುದ್ಧಿ ಅದೇ ಹಸಿವು ಇದ್ರೂ ಆ ಏಳು ಮನೆಗಳು ಇರ್ಲಿಲ್ಲ.

ಹಾಗಾಗಿ ಮಿಕ್ಕ ಸಮುದಾಯಗಳು ತಮ್ಮದೇ ಏರ್ಪಾಡು ಮಾಡ್ಕೊಂಡ್ವು. 1906ರಲ್ಲಿ ಒಕ್ಕಲಿಗರ ಸಂಘ ಶುರುವಾಯ್ತು. ಲಿಂಗಾಯತ ಮಠಗಳು ಉಚಿತ ಪ್ರಸಾದ ನಿಲಯ ತೆಗೆದ್ವು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಮಿಲ್ಲರ್ ಸಮಿತಿ ನೇಮಿಸಿದ್ರು, ಏಳು ವರ್ಷದೊಳಗೆ ಮೇಲಿನ ಹುದ್ದೆಗಳಲ್ಲಿ ಅರ್ಧ, ಕೆಳಗಿನ ಹುದ್ದೆಗಳಲ್ಲಿ ಮೂರರಲ್ಲಿ ಎರಡು ಪಾಲು ಬ್ರಾಹ್ಮಣೇತರರಿಗೆ ಸಿಗಬೇಕು ಅಂತ ಆ ಸಮಿತಿ ಹೇಳ್ತು. ಸರಿ, ಹುದ್ದೆ ಇಟ್ರು, ಆದ್ರೆ ಓದಿದ ಹುಡುಗರು ಎಲ್ಲಿಂದ ಬರ್ಬೇಕು? ಪೇಟೇಲಿ ಇದ್ಕೊಂಡು ಓದೋಕೆ ಒಂದು ಚಾಪೆ, ಒಂದು ತಟ್ಟೆ ಊಟ ಇದ್ರೆ ತಾನೇ. ಮಂಗಳೂರಲ್ಲಿ ಕುದ್ಮುಲ್ ರಂಗರಾಯರು ಇದಕ್ಕೂ ಮೊದಲೇ, 1892ರಲ್ಲೇ ದಲಿತ ಮಕ್ಕಳಿಗೆ ಶಾಲೆ ತೆಗೆದಿದ್ರು, ಅದಕ್ಕೆ ತಮ್ಮವರಿಂದಲೇ ಬಹಿಷ್ಕಾರ ಅನುಭವಿಸಿದ್ರು. ತಮ್ಮ ಶಾಲೆಯ ಮಗು ದೊಡ್ಡ ಸರ್ಕಾರಿ ಹುದ್ದೆಗೆ ಹೋಗಿ ಕಾರಲ್ಲಿ ಓಡಾಡ್ಬೇಕು, ಆ ಧೂಳು ತಮ್ಮ ತಲೆಗೆ ತಾಗ್ಬೇಕು ಅನ್ನೋದು ಅವರ ಆಸೆ ಆಗಿತ್ತು ಅಂತ ಆ ಕಡೆ ಜನ ಇವತ್ತಿಗೂ ಹೇಳ್ತಾರೆ. ತುಮಕೂರಿನ ಸಿದ್ಧಗಂಗೆಯಂತೂ ಗೊತ್ತೇ ಇದೆ, 2019ರಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿ ಕಾಲದಲ್ಲಿ ಎಲ್ಲಾ ಜಾತಿ ಧರ್ಮದ ಸಾವಿರಾರು ಮಕ್ಕಳು ಅಲ್ಲೇ ಉಂಡು ಅಲ್ಲೇ ಓದಿದ್ರು.

ಹಾಸ್ಟೆಲ್ ಬರೀ ಊಟ ಕೊಡಲ್ಲ, ಮನುಷ್ಯನನ್ನೇ ತಿದ್ದುತ್ತೆ. ನಾನೂ ಹಾಸ್ಟೆಲಲ್ಲೇ ಇದ್ದೋನು. ಬೆಳಗಿನ ಜಾವ ಗಂಟೆ ಹೊಡೀತಿದ್ರು, ಪ್ರಾರ್ಥನೆ, ಆಮೇಲೆ ಓದು, ಆಮೇಲೆ ಸ್ಟೀಲ್ ತಟ್ಟೆ ಹಿಡ್ಕೊಂಡು ಕ್ಯೂ. ತಟ್ಟೆ ಅದಲು ಬದಲು ಆಗ್ಬಾರ್ದು ಅಂತ ಪಾತ್ರೆ ಅಂಗಡೀಲಿ ಹೆಸರು ಕೊರೆಸಿ ತರ್ತಿದ್ವಿ, ನನ್ನ ತಟ್ಟೆ ಮೇಲೆ ಅಪ್ಪನ ಹೆಸರಿತ್ತು, ಯಾಕಂದ್ರೆ ಅದು ಮನೇಲಿ ಅಪ್ಪ ಉಣ್ತಿದ್ದ ತಟ್ಟೆ. ಊರಲ್ಲಿ ದೊಡ್ಡೋರ ಮುಂದೆ ಬಾಯಿ ಬಿಡದೇ ಇದ್ದ ಹುಡುಗರು ಸಾರಲ್ಲಿ ಬೇಳೆ ಇಲ್ಲ ಅಂತ ವಾರ್ಡನ್ ಹತ್ರ ಹೋಗಿ ನಿಂತು ಕೇಳೋದನ್ನ ನಾನು ಕಣ್ಣಾರೆ ನೋಡಿದೀನಿ, ಅರ್ಜಿ ಬರೆಯೋದು, ಸಹಿ ಹಾಕ್ಸೋದು, ಗುಂಪಾಗಿ ಹೋಗಿ ಮಾತಾಡೋದು ಎಲ್ಲಾ ಅಲ್ಲೇ ಕಲಿತಿದ್ದು. ಪಿಯುಸಿಗೆ ಯಾವ ಕಾಲೇಜು, ಯಾವ ಎಕ್ಸಾಮಿಗೆ ಯಾವ ಪುಸ್ತಕ ಅಂತ ಓದು ಬರದ ಅಪ್ಪ ಅಮ್ಮ ಹೇಳೋಕಾಗ್ದೇ ಇರೋದನ್ನ ಸೀನಿಯರ್ ಅಣ್ಣಂದಿರು ಹೇಳ್ತಿದ್ರು.

ಇನ್ನೊಂದು ಮುಖಾನೂ ಹೇಳ್ಲೇಬೇಕು. ಜಾತಿ ಹಾಸ್ಟೆಲಲ್ಲಿ ಐದಾರು ವರ್ಷ ತಮ್ಮವರ ಜೊತೇಲೇ ಉಂಡು ಮಲಗಿ ಬೆಳೆದೋನಿಗೆ ಗೆಳೆಯರೂ ಅವರೇ, ಮುಂದೆ ಶಿಫಾರಸು ಮಾಡೋರೂ ಅವರೇ, ಹೆಣ್ಣು ಕೊಡೋರೂ ಅವರೇ. ಬಡತನದಿಂದ ಎತ್ತಿದ್ದೂ ಆ ಹಾಸ್ಟೆಲ್ಲೇ, ಜಾತಿ ಬೇಲಿಯೊಳಗೆ ಕೂರಿಸಿದ್ದೂ ಅದೇ. ಇವೆರಡನ್ನೂ ಒಟ್ಟಿಗೆ ಹೇಳ್ದೇ ಇದ್ರೆ ಆ ಸಂಸ್ಥೆಗಳ ಕಥೆ ಪೂರ್ತಿ ಹೇಳಿದಂಗಾಗಲ್ಲ. ಸರ್ಕಾರಿ ಹಾಸ್ಟೆಲ್‌ಗಳು ನನಗೆ ದೊಡ್ಡದು ಅನ್ಸೋದು ಇದಕ್ಕೇ. ದೇವರಾಜ ಅರಸರ ಕಾಲದಲ್ಲಿ, ಹಿಂದುಳಿದ ವರ್ಗಗಳ ಸ್ಥಿತಿ ನೋಡೋಕೆ ನೇಮಿಸಿದ್ದ ಹಾವನೂರು ಆಯೋಗ 1975ರಲ್ಲಿ ವರದಿ ಕೊಡ್ತು, ಆಮೇಲೆ ಹಿಂದುಳಿದ ವರ್ಗದವರ ಬಿಸಿಎಂ ಹಾಸ್ಟೆಲ್‌ಗಳು ಬೆಳೆದ್ವು. ಸ್ವಂತ ಮಠ ಇಲ್ಲದ, ಸಂಘ ಕಟ್ಟೋಕೆ ಶ್ರೀಮಂತರಿಲ್ಲದ ಅಗಸರ, ಕುಂಬಾರರ, ಉಪ್ಪಾರರ ಮಕ್ಕಳು ಒಂದೇ ರೂಮಲ್ಲಿ ಟ್ರಂಕು ಇಟ್ಕೊಂಡು ಓದೋ ಹಂಗಾಯ್ತು. ಯಾರ ದಯೇನೂ ಅಲ್ಲ, ಹಕ್ಕು.

ಹೆಣ್ಣುಮಕ್ಕಳ ವಿಷಯದಲ್ಲಿ ಇದು ಇನ್ನೂ ನೇರ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನಿಗೆ ಸೀಟು ಸಿಗದೇ ಇದ್ರೆ ಯಾರದೋ ರೂಮಲ್ಲಿ ಹೆಂಗೋ ಇರ್ತಾನೆ, ಬಸ್ಸಲ್ಲಿ ನೇತಾಡ್ಕೊಂಡಾದ್ರೂ ಹೋಗಿ ಬರ್ತಾನೆ. ಹುಡುಗಿಗೆ ಸಿಗದೇ ಇದ್ರೆ, ಸಂಜೆ ಕಡೇ ಬಸ್ಸು ತಪ್ಪಿದ್ರೆ ಏನು ಗತಿ ಅಂತ ಅಪ್ಪ ಯೋಚ್ನೆ ಮಾಡ್ತಾನೆ, ಅಜ್ಜಿ ಸಂಬಂಧದ ಮಾತು ತೆಗೀತಾಳೆ, ಅಷ್ಟೊತ್ತಿಗೆ ಅಡ್ಮಿಷನ್ ಮುಗಿದಿರುತ್ತೆ. ಈ ಮಾತು ಕೇಳ್ತಿರೋ ಪಂಚಾಯ್ತಿ ಮೆಂಬರ್ರು, ಮೇಷ್ಟ್ರು, ಮೇಡಂಗಳು ಯಾರಾದ್ರೂ ಇದ್ರೆ, ನಿಮ್ಮ ತಾಲ್ಲೂಕಲ್ಲಿ ಈ ವರ್ಷ ಎಷ್ಟು ಹುಡುಗಿಯರು ಹಾಸ್ಟೆಲ್‌ಗೆ ಅರ್ಜಿ ಹಾಕಿದ್ರು, ಎಷ್ಟು ಜನಕ್ಕೆ ಸೀಟು ಸಿಕ್ತು, ಸಿಗದೇ ಇದ್ದೋರು ಈಗ ಎಲ್ಲಿದಾರೆ ಅಂತ ಇಲಾಖೆ ಆಫೀಸಿಗೆ ಹೋಗಿ ಒಂದು ಸಲ ಕೇಳಿ. ನಮಸ್ಕಾರ.