ಬೆಲ್ಲ ತಿಂದ್ರೆ ಹೊಟ್ಟೇಲಿ ಹುಳ ಆಗುತ್ತಾ?

[ದೃಶ್ಯ: ಸಂತೆಯಿಂದ ತಂದ ಕೊತ್ತಂಬರಿ ಸೊಪ್ಪಿನ ಕಟ್ಟು. ಬೇರಿಗೆ ಹಸಿ ಮಣ್ಣು ಮೆತ್ತಿಕೊಂಡಿದೆ.]

ನಮಸ್ಕಾರ. "ಅಷ್ಟೊಂದು ಬೆಲ್ಲ ತಿನ್ಬೇಡ, ಹೊಟ್ಟೇಲಿ ಹುಳ ಆಗುತ್ತೆ." ಅಜ್ಜಿ ಬಾಯಲ್ಲಿ ಈ ಮಾತು ಕೇಳಿರ್ತೀರಿ. ಪಾಪ, ಬೆಲ್ಲದ ತಪ್ಪೇನೂ ಇಲ್ಲ. ಜಂತುಹುಳ ಬರೋದು ಇಲ್ಲಿಂದ, ಈ ಮಣ್ಣಿಂದ.

[ದೃಶ್ಯ: ಬೇರು ಹತ್ತಿರದಿಂದ]

ಹೀಗೆ ಮಣ್ಣಿಂದ ಬರೋ ಜಂತುಹುಳಗಳಲ್ಲಿ ದೊಡ್ಡದು ದುಂಡುಹುಳ, ಆಸ್ಕಾರಿಸ್. ನೋಡೋಕೆ ಬಿಳಿಚಿಕೊಂಡ ಎರೆಹುಳದ ಥರ. ಹೆಣ್ಣುಹುಳ 20ರಿಂದ 35 ಸೆಂಟಿಮೀಟರ್ ಬೆಳೆಯುತ್ತೆ, ದಿನಕ್ಕೆ ಸುಮಾರು 2 ಲಕ್ಷ ಮೊಟ್ಟೆ ಇಡುತ್ತೆ. ಅವೆಲ್ಲ ಮಲದ ಜೊತೆ ಹೊರಗೆ ಬರುತ್ತವೆ. ಬಯಲಿಗೆ ಹೋದ ಕಡೆ ಮಣ್ಣು ಸೇರುತ್ತವೆ.

ಆಗಷ್ಟೇ ಹೊರಬಿದ್ದ ಮೊಟ್ಟೆಯಿಂದ ರೋಗ ಬರಲ್ಲ. ಬೆಚ್ಚಗಿನ, ತೇವ ಇರೋ ನೆರಳಿನ ಮಣ್ಣಲ್ಲಿ ಎರಡು ಮೂರು ವಾರ ಕಳೆದು, ಒಳಗೆ ಮರಿ ಬಲಿಯಬೇಕು. ಅದಕ್ಕೇ ಇದು ಪಕ್ಕದಲ್ಲಿ ಕೂತವರಿಂದ ನೇರವಾಗಿ ಅಂಟೋ ಕಾಯಿಲೆ ಅಲ್ಲ.

ಬಲಿತ ಮೊಟ್ಟೆ ಹೊಟ್ಟೆಗೆ ಹೋದ್ರೆ ಮರಿ ಕರುಳಲ್ಲೇ ಕೂರಲ್ಲ. ಕರುಳಿನ ಗೋಡೆ ಕೊರೆದು ರಕ್ತ ಸೇರಿ, ಯಕೃತ್ತು ದಾಟಿ, ಶ್ವಾಸಕೋಶಕ್ಕೆ ಹೋಗುತ್ತೆ. ಅಲ್ಲಿಂದ ಗಂಟಲಿಗೆ ಹತ್ತಿ, ನಾವು ನುಂಗಿದಾಗ ಮತ್ತೆ ಕರುಳಿಗೆ! ಇದನ್ನ ತಿಳಿಯೋಕೆ 1922ರಲ್ಲಿ ಜಪಾನಿನ ವೈದ್ಯ ಕೊಯಿನೊ ಸ್ವತಃ 2,000 ಮೊಟ್ಟೆ ನುಂಗಿದರು. ಆಮೇಲೆ ಅವರ ಕಫದಲ್ಲೇ ಮರಿಗಳು ಸಿಕ್ಕವು. ಅಂಥ ಧೈರ್ಯಕ್ಕೆ ಕೈ ಮುಗೀಬೇಕು.

ಒಂದೆರಡು ಹುಳ ಇದ್ರೆ ಗೊತ್ತೇ ಆಗಲ್ಲ. ಜಾಸ್ತಿ ಆದ್ರೆ ಮಗು ಸೊರಗುತ್ತೆ. ಕೆಲವೊಮ್ಮೆ ಹುಳಗಳು ಉಂಡೆ ಕಟ್ಟಿ ಕರುಳೇ ಮುಚ್ಚಿಹೋಗಿ, ಆಪರೇಷನ್ ಮಾಡೋ ಹಾಗಾಗುತ್ತೆ.

[ದೃಶ್ಯ: ಅಂಗನವಾಡಿ, ಅಂಗೈಯಲ್ಲಿ ಮಾತ್ರೆ]

2015ರಿಂದ ದೇಶದಲ್ಲಿ ಜಂತುಹುಳು ನಿವಾರಣಾ ದಿನ ನಡೀತಿದೆ. 1ರಿಂದ 19 ವರ್ಷದವರಿಗೆ ಅಂಗನವಾಡಿ, ಶಾಲೆಗಳಲ್ಲಿ ಆಲ್ಬೆಂಡಜೋಲ್ ಪುಕ್ಕಟೆ ಕೊಡ್ತಾರೆ. 400 ಮಿಲಿಗ್ರಾಂ ಮಾತ್ರೆ, ಎರಡು ವರ್ಷದೊಳಗಿನವರಿಗೆ ಅರ್ಧ. ಆ ದಿನ ಕೆಲವು ಮಕ್ಕಳಿಗೆ ವಾಕರಿಕೆ, ಹೊಟ್ಟೆನೋವು ಬರಬಹುದು, ಸಾಮಾನ್ಯವಾಗಿ ಬೇಗ ಇಳಿಯುತ್ತೆ. ದಯವಿಟ್ಟು ಅದಕ್ಕೆ ಹೆದರಿ ಮಗುವನ್ನ ಮನೇಲಿ ಉಳಿಸ್ಕೋಬೇಡಿ. ಹುಷಾರಿಲ್ಲದ ಮಗುವಿಗೆ ಮಾತ್ರ ಚೇತರಿಸಿಕೊಂಡ ಮೇಲೆ ಕೊಡಿಸಿ.

ಮಾತ್ರೆ ಇವತ್ತಿನ ಹುಳ ಕೊಲ್ಲುತ್ತೆ, ನಾಳೆ ಹೊಟ್ಟೆ ಸೇರೋ ಮೊಟ್ಟೆ ತಡೆಯಲ್ಲ. ಮಣ್ಣಲ್ಲಿ ಮೊಟ್ಟೆ ವರ್ಷಗಟ್ಟಲೆ ಬದುಕಬಲ್ಲದು. ಹಾಗಾಗಿ ಶೌಚಾಲಯ ಬಳಸಲೇಬೇಕು, ಮಣ್ಣಲ್ಲಾಡಿದ ಮಗುವಿನ ಉಗುರಿನ ಸಂದೂ ಸೋಪು ಹಾಕಿ ಉಜ್ಜಬೇಕು.

[ದೃಶ್ಯ: ನಲ್ಲಿ ಕೆಳಗೆ ಸೊಪ್ಪು]

ಸೊಪ್ಪಿಗೆ ಮೊದಲು ಬೇರು ಕತ್ತರಿಸಿ. ಮೊಟ್ಟೆಯ ಮೈ ಅಂಟಂಟು, ಸುಮ್ನೆ ಅದ್ದಿ ತೆಗೆದ್ರೆ ಸಾಲದು. ಹರಿಯೋ ನೀರಲ್ಲಿ ಎಲೆ ಬಿಡಿಸಿ, ಬೆರಳಲ್ಲಿ ತಿಕ್ಕಿ ತೊಳೀರಿ. ಕೋಸಂಬರಿಗೆ ಹಸಿಯಾಗಿ ಹಾಕೋ ಸೊಪ್ಪಿಗಂತೂ ಇನ್ನೊಂದು ಸಲ.